ಮರಳು ಮುಚ್ಚಿದ ಅಳಿವೆ

ಹೊಳೆ ಕಡಲಿಗೆ ಸೇರದೆಯೂ ಇರಬಹುದು ಎಂಬುದು ನಮ್ಮ ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ನಾವು ಕುಂದಾಪುರದ ಕಡೆಯವರು. ಅಲ್ಲಿ ಅಳಿವೆ ಎಂದರೆ ಹೊಳೆ ಕಡಲಿಗೆ ಬೀಳುವ ಬಾಗಿಲು. ಆ ಬಾಗಿಲು ಮುಚ್ಚಿದ್ದನ್ನು ನಮ್ಮ ಹಿರಿಯರು ಯಾರೂ ಕಂಡವರಲ್ಲ. ಹಾಗಾಗಿ ಅಪ್ಪನ ಅಸ್ಥಿಯ ಕುಡಿಕೆ ಹಿಡಿದು ಅಡ್ಯಾರ್ ನದಿಯ ಅಳಿವೆಗೆ ಹೊರಟ ಬೆಳಿಗ್ಗೆ ನಾವು ವಿಚಾರಿಸಿದ್ದು ಒಂದೇ, ಆಟೋ ಎಲ್ಲಿಯವರೆಗೆ ಹೋಗುತ್ತದೆ ಎಂದು.

ಅಪ್ಪ ತ್ರಿಪ್ಲಿಕೇನ್‌ನಲ್ಲಿ ಮೆಸ್ ನಡೆಸುತ್ತಿದ್ದ. ಚಿಕ್ಕಂದಿನಲ್ಲಿ ಲೋಟ ತೊಳೆಯಲು ಬಂದವನು, ಕೊನೆಯವರೆಗೂ ಒಲೆಯ ಮುಂದೆಯೇ ನಿಂತ. ಸಾಯುವ ಮೊದಲು ತಾನಾಗಿಯೇ ಹೇಳಿದ್ದ: "ನನ್ನನ್ ಊರಿಗೆಲ್ಲ ಹೊತ್ಕಂಡ್ ಹೋಪ್ದ್ ಬ್ಯಾಡ. ಇಲ್ಲಿನ ಉಪ್ಪು ತಿಂದವ ನಾನು, ಇಲ್ಲೇ ಬಿಡಿ. ಆದ್ರೆ ಹೊಳಿ, ಕಡಲು ಎರಡೂ ಸೇರು ಜಾಗದಲ್ಲೇ ಬಿಡ್ಕ್."

ಆ ಜಾಗದ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು. ಮದುವೆಯಾದ ಹೊಸತರಲ್ಲಿ, ಮಳೆಗಾಲದ ಒಂದು ದಿನ, ಅಮ್ಮನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಊರಿನ ಅಳಿವೆ ತೋರಿಸಿದ್ದನಂತೆ. ಈಚೆಗೆ ಕೆಂಪು ನೀರು, ಆಚೆಗೆ ಹಸಿರು ನೀರು, ನಡುವೆ ಗೆರೆ ಎಳೆದ ಹಾಗೆ. ಹೊಳೆ ಮಣ್ಣು ಹೊತ್ತು ಬರುತ್ತದೆ, ಉಪ್ಪುನೀರು ತಾಗಿದ ಕೂಡಲೇ ಆ ನುಣ್ಣನೆ ಮಣ್ಣೆಲ್ಲ ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕೆ ಕೂರುತ್ತದೆ, ಹಾಲಿಗೆ ನಿಂಬೆಹುಳಿ ಹಿಂಡಿದ ಹಾಗೆ ಎಂದಿದ್ದನಂತೆ. ಅಡುಗೆಯವನಿಗೆ ಲೋಕವೆಲ್ಲ ಅಡುಗೆಮನೆ! ಆದರೆ ಮಾತು ನಿಜ, ಪುಸ್ತಕದಲ್ಲೂ ಹಾಗೆಯೇ ಇದೆ.

ಅಮ್ಮ ಅದನ್ನು ಬೇರೆ ರೀತಿಯಲ್ಲಿ ಹಿಡಿದುಕೊಂಡಿದ್ದಳು. ಹೊಳೆ ತನ್ನ ಹೊರೆ ಇಳಿಸುವ ಜಾಗ ಅದು ಎನ್ನುತ್ತಿದ್ದಳು. "ಜೀವಮಾನ ಪೂರಾ ಹೊತ್ರ್ ಪಾಪ. ಅಲ್ಲಾದ್ರೂ ಇಳಿಸ್ಲಿ," ಎಂದು ಕುಡಿಕೆಗೆ ಬಟ್ಟೆ ಕಟ್ಟುವಾಗ ಅತ್ತಳು. ತನ್ನ ವಿಷಯಕ್ಕೆ ಮಾತ್ರ ಮೊದಲೇ ಕರಾರು ಹಾಕಿಟ್ಟಿದ್ದಳು: "ನನ್ನನ್ ಈ ನಾತಕ್ಕೆ ಬಿಡ್ಬೇಡಿ. ನನ್ನನ್ ಊರ ಹೊಳಿಗೆ ತಕಂಡ್ ಹೋಯ್ನಿ." ಮದುವೆಯಾಗಿ ಬಂದಂದಿನಿಂದ ಕೂವಂ ಹೊಳೆಯ ಸೇತುವೆ ದಾಟುವಾಗಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡವಳು ಅವಳು. ಈ ಊರಿನ ನೀರಿನ ಮೇಲೆ ಅವಳಿಗೆ ಒಂದು ದಿನವೂ ನಂಬಿಕೆ ಹುಟ್ಟಲಿಲ್ಲ.

ಅಡ್ಯಾರ್ ಹೊಳೆಯ ಮುರಿದ ಸೇತುವೆಯ ಹತ್ತಿರ ಆಟೋ ಇಳಿದು ಮರಳಿನಲ್ಲಿ ನಡೆದೆವು. ಹಿರಿಮಗಳು ನಾನು, ಅಮ್ಮ, ಕುಡಿಕೆ ಹಿಡಿದ ತಮ್ಮ. ಬಲಗಡೆ ಹೊಳೆ, ಅಲುಗಾಡದ ಕಪ್ಪು ನೀರು, ಮೇಲೆ ಥರ್ಮಾಕೋಲು, ಎಣ್ಣೆಯ ಪದರ. ಎಡಗಡೆ ಕಡಲು. ನಡುವೆ ಉದ್ದಕ್ಕೂ ಮರಳಿನ ದಿಬ್ಬ. ಅದರ ಮೇಲೆ ನಾಯಿಗಳು ಮಲಗಿದ್ದವು. ನಾವು ಸೇರುವ ಜಾಗ ಹುಡುಕಿಕೊಂಡು ಆ ತುದಿಯವರೆಗೂ ಹೋಗಿ ವಾಪಸು ಬಂದೆವು. ಬಲೆ ಬಿಡಿಸುತ್ತ ಕೂತಿದ್ದ ಮೀನುಗಾರನೊಬ್ಬ ನಮ್ಮ ಪಾಡು ನೋಡಿ ಕೂಗಿದ: "ಮೂಡಿಡ್ಚು ಮಾ! ಮಳೆ ವಂದಾ ದಾನ್ ತೊರಕ್ಕುಂ." ಬಾಯಿ ಮುಚ್ಚಿಹೋಗಿದೆ, ಮಳೆ ಬಂದರೇನೇ ತೆರೆಯುವುದು. ಇಲ್ಲಿನ ಹೊಳೆಗೆ ಬೇಸಿಗೆಯಲ್ಲಿ ಮರಳು ತಳ್ಳುವಷ್ಟು ತ್ರಾಣವಿಲ್ಲ. ಅಲೆ ತಂದು ಹಾಕಿದ ಮರಳು ಅಲ್ಲೇ ಕೂರುತ್ತದೆ.

"ಹೊಳಿ ಅಂದ್ಮೇಲೆ ಕಡ್ಲಿಗೆ ಸೇರ್ದೆ ಎಲ್ಲಿಗ್ ಹೋತ್ತ್?" ಅಮ್ಮ ನನ್ನನ್ನು ಕೇಳಿದಳು, ನಾನೇ ಮುಚ್ಚಿದ ಹಾಗೆ.

ತಮ್ಮನಿಗೆ ಮೆಸ್ಸಿನ ಚಿಂತೆ. "ಅಮ್ಮಾ, ಕಡಲು ಇಲ್ಲೇ ಇದೆ ತಾನೇ? ಸ್ಟ್ರೈಟಾ ಅದ್ರಲ್ಲೇ ಬಿಟ್ರೆ ಮುಗೀತು. ಎಲ್ಲಾ ಒಂದೇ ನೀರು."

"ಒಂದೇ ಆದ್ರೆ ಅವ್ರ್ ಯಾಕೆ ಬಾಯಿಬಿಟ್ಟ್ ಹೇಳ್ತಿದ್ರ್?" ಅಮ್ಮ ಅವನ ಕೈಯಿಂದ ಕುಡಿಕೆ ಕಿತ್ತುಕೊಂಡಳು. "ಸೇರದ್ ನೀರಿಗೆ ನಾ ಬಿಡುದಿಲ್ಲ."

ಹೋಗಲಿ, ಮನೆಗೆ ತರೋಣ ಎಂದರೆ ಅದೂ ಇಲ್ಲ. ಅಸ್ಥಿಯನ್ನು ಹೊಸಿಲು ದಾಟಿಸುವಂತಿಲ್ಲ. ಮೆಸ್ಸಿನ ಹಿತ್ತಲಿನಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ, ಒಂದು ಬೇವಿನ ಮರವಿದೆ. ಅದರ ಕೊಂಬೆಗೆ ಅಪ್ಪನನ್ನು ತೂಗುಹಾಕಿದೆವು. ಕೆಳಗೆ ಸಾಂಬಾರಿನ ಡೇಗಿಸ ತಿಕ್ಕುವ ಸದ್ದು, ಮೇಲೆ ಅವನು. ನಗಬೇಕೋ ಅಳಬೇಕೋ! ತೊಳೆಯುವ ಹೆಂಗಸರು ಹೆದರಿ ಕೊಡಗಳನ್ನು ಬೀದಿಬದಿಗೆ ಸಾಗಿಸಿದರು.

ಅಂದಿನಿಂದ ಅಮ್ಮ ರಾತ್ರಿಯ ಅನ್ನ ಬಿಟ್ಟಳು. ಅವರಿಗೆ ನೆಲೆ ಸಿಗುವವರೆಗೆ ಎಂದಳು. ಹಿತ್ತಲ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಮರ ನೋಡುತ್ತ ಕೂರುವುದೇ ಕೆಲಸವಾಯಿತು. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಒಣಗಿ ಕಡ್ಡಿಯಾದಳು. ನಾನು ನನ್ನ ಮನೆಯಿರುವ ಪಲ್ಲಾವರದಿಂದ ರೈಲು ಹಿಡಿದು ಬಂದಾಗಲೆಲ್ಲ ಮೊದಲ ಪ್ರಶ್ನೆ, "ಬಾಯಿ ಬಿಡ್ತಾ?" ಪುರೋಹಿತರು ಬೇರೆ, ತಡವಾದರೆ ಜೀವ ಅಲೆಯುತ್ತದೆ ಎಂದು ಹೇಳಿ ಹೋದರು. ಗಾಯದ ಮೇಲೆ ಬರೆ! ಅವರ ಮೇಲೆ ರೇಗಾಡಿದೆ. ಅಮ್ಮನ ಮೇಲೂ ರೇಗಾಡಿದೆ.

ದೀಪಾವಳಿಯ ಮಗ್ಗುಲಿಗೆ ಮಳೆ ಹಿಡಿಯಿತು. ಮೇಲಿನ ಕೆರೆ ತುಂಬಿ ಹೊಳೆಗೆ ನೀರು ಬಿಟ್ಟರು, ಜೆಸಿಬಿ ತಂದು ಮರಳು ಕಡಿದರು ಎಂದು ತಮ್ಮ ಸುದ್ದಿ ತಂದ. ಅಮ್ಮ ಎದ್ದು ನಿಂತಳು. ಎಷ್ಟೋ ತಿಂಗಳಾಗಿತ್ತು ಅವಳು ಹಾಗೆ ಏಳದೆ.

ಅಳಿವೆ ತೆರೆದಿತ್ತು. ಹೊಳೆ ನುಗ್ಗುತ್ತಿತ್ತು. ಗೆರೆಯೂ ಇತ್ತು. ಆದರೆ ಈಚೆಗಿದ್ದದ್ದು ಕೆಂಪಲ್ಲ, ಟಾರಿನಂಥ ಕಪ್ಪು. ಬೇಸಿಗೆಯೆಲ್ಲ ಕೊಳೆತು ನಿಂತಿದ್ದ ನೀರು ಅದು, ನೊರೆ, ಅಂತರಗಂಗೆ, ಹೊಟ್ಟೆ ಮೇಲಾದ ಮೀನು ಎಲ್ಲ ಹೊತ್ತು ಹೊರಟಿತ್ತು. ಮಣ್ಣಾದರೆ ಉಪ್ಪಿಗೆ ಕೂರುತ್ತದೆ. ಈ ಊರಿನ ಕಕ್ಕಸು ಕೂರುತ್ತದೆಯೇ? ಆ ಕಪ್ಪು ನೀರು ಗೆರೆಯನ್ನು ತಳ್ಳಿಕೊಂಡು ಕಡಲಿನೊಳಕ್ಕೆ ದೂರ ಹೋಗುತ್ತಿತ್ತು. ಹಸಿರೇ ಹಿಂದೆ ಸರಿಯುತ್ತಿತ್ತು. ಅಪ್ಪ ಹೇಳಿದ ಕಡಲು ಇದಲ್ಲ.

"ಬೇಡಮ್ಮ, ಊರಿಗೇ ತಗೊಂಡು ಹೋಗೋಣ," ಎಂದೆ.

"ಅವ್ರ್ ಹೇಳಿದ್ದ್ ಇಲ್ಲಿ," ಎಂದಳು. ಸೆರಗು ಮೂಗಿಗೆ ಹೋಗಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತಮ್ಮ ಮೊಣಕಾಲುದ್ದ ನೀರಿಗಿಳಿದು ಕುಡಿಕೆ ಬಗ್ಗಿಸಿದ. ಎಲುಬು ಮುಳುಗಿತು. ಬೂದಿ ಮಾತ್ರ ಕಪ್ಪಿನ ಮೇಲೆ ಬೆಳ್ಳಗೆ ಹರಡಿ, ಗೆರೆಯ ಕಡೆಗೆ ಸ್ವಲ್ಪ ದೂರ ಹೋಯಿತು. ಆಮೇಲೆ ಯಾವುದು ಬೂದಿ, ಯಾವುದು ನೊರೆ ಗೊತ್ತಾಗಲಿಲ್ಲ. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದಳು. ಮಳೆ ಮತ್ತೆ ಶುರುವಾಯಿತು. ನಾನು ತೋಳು ಹಿಡಿದು ಎಳೆದರೂ ಕದಲಲಿಲ್ಲ.

ಕೊನೆಗೆ ನಮ್ಮಿಬ್ಬರ ಕಡೆಗೆ ತಿರುಗಿ ಹೇಳಿದಳು: "ನನ್ನನ್ನೂ ಇಲ್ಲೇ ಬಿಡಿ ಮಕ್ಳೆ. ಇಂಥಾ ನೀರಗೆ ಅವ್ರೊಬ್ರನ್ನೇ ಬಿಟ್ಟ್, ನಾ ಊರಗೆ ಸುಖವಾಗಿಪ್ಪುದಾ?"

ನಾನು ಜೋರಾಗಿ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಅಂದು ರಾತ್ರಿ ಅನ್ನ ಉಂಡಳು, ಮಜ್ಜಿಗೆಗೆ ಉಪ್ಪು ಕಡಿಮೆ ಎಂದು ತಮ್ಮನಿಗೆ ಬೈದಳು ಕೂಡ. ಸದ್ಯ, ಬದುಕಿಕೊಂಡಳು ಎಂದುಕೊಂಡೆವು. ಆದರೆ ಬೇಸಿಗೆ ತಿಂದ ಮೈ ಮತ್ತೆ ತುಂಬಿಕೊಳ್ಳಲೇ ಇಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಕಾಫಿ ತಂದಿಟ್ಟರೆ ಕೈಚಾಚಲಿಲ್ಲ.

ತಮ್ಮ ಅಡ್ಯಾರಿಗೆ ಹೋಗಿ ನೋಡಿಕೊಂಡು ಬಂದ. ದಿಬ್ಬದ ಮೇಲೆ ನಾಯಿಗಳು ಮಲಗಿವೆಯಂತೆ. "ಅಕ್ಕಾ, ಬಸ್ ಹತ್ತಿದ್ರೆ ನಾಳೆ ಊರು. ಅಲ್ಲಿ ಅಳಿವೆ ಯಾವಾಗ್ಲೂ ಓಪನ್. ಮೊದಲು ಅವಳೇ ಕೇಳಿದ್ದಳು ತಾನೇ?" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಕೆಂಪು, ಹಸಿರು, ನಡುವೆ ಗೆರೆ, ಎಲ್ಲ ಅಲ್ಲಿ ಮಳೆಗಾಲಕ್ಕೆ ಈಗಲೂ ಕಾಣುತ್ತದೆ.

ನಾನು ಒಪ್ಪಲಿಲ್ಲ. ಬೇವಿನ ಅದೇ ಕೊಂಬೆಯಲ್ಲಿ ಈಗ ಅಮ್ಮನ ಕುಡಿಕೆ ತೂಗುತ್ತಿದೆ. ಹಿತ್ತಲ ಬಾಗಿಲಿನ ಸ್ಟೂಲಿನ ಮೇಲೆ ನಾನು ಕೂತಿದ್ದೇನೆ. ಮಳೆ ಇನ್ನೂ ದೂರವಿದೆ. ರಾತ್ರಿಯ ಅನ್ನ ಬಿಟ್ಟಿದ್ದೇನೆ.