ಗೇಟಿನ ನೆರಳು

ಮೊನ್ನೆ ಬೆಳಿಗ್ಗೆ ಪೇಂಟ್ ಹೊಡೆಯುವವನೊಬ್ಬ ನನ್ನ ಇಸ್ತ್ರಿ ಗಾಡಿಯ ಪಕ್ಕದ ಮನೆಯ ಗೇಟಿನ ತುಕ್ಕು ತಿಕ್ಕಿ, ರೆಡ್ ಆಕ್ಸೈಡ್ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ, ಅಂಗಿಯ ಕಾಲರಿನ ಮೇಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟು ನಿಂತುಬಿಟ್ಟೆ. ಕೆಲಸ ಮುಗಿಸಿ ಬಂದ ನಮ್ಮಣ್ಣನ ಬಟ್ಟೆಯಿಂದ ಇದೇ ವಾಸನೆ ಬರುತ್ತಿತ್ತು...

ಅಣ್ಣ ರಾಜಾಜಿನಗರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿದ್ದ. ವಿಜಯನಗರ, ಬಸವೇಶ್ವರನಗರದ ಕಡೆ ಮನೆಗಳು ಏಳುತ್ತಿದ್ದ ಕಾಲ. ಗೇಟು, ಕಿಟಕಿಯ ಗ್ರಿಲ್ಲು ಮಾಡಿ, ರೆಡ್ ಆಕ್ಸೈಡ್ ಬಳಿದು ಆ ಮನೆಗಳಿಗೆಲ್ಲ ಕೂರಿಸಿ ಬರುತ್ತಿದ್ದ. ಬೆಂಕಿ ನೋಡಿ ನೋಡಿ ಕಣ್ಣು ಸೋತ ಮೇಲೆ ಕೆಲಸ ಬಿಟ್ಟ. ಮಗಳು ತನ್ನ ಹಳೆಯ ಫೋನು ಅವನಿಗೆ ಕೊಟ್ಟಳು. ಹುಚ್ಚು ಶುರುವಾದದ್ದು ಅಲ್ಲಿಂದಲೇ. ಭಾನುವಾರ ಬೆಳಗಾದರೆ ಹೊಸಹಳ್ಳಿಯ ಮನೆಯಿಂದ ನಡೆದೇ ಹೊರಡುವುದು, ತಾನು ಮಾಡಿದ ಗೇಟುಗಳನ್ನು ಹುಡುಕಿ ಫೋಟೋ ತೆಗೆಯುವುದು. ಎಷ್ಟೋ ಕಡೆ ಮನೆಯೇ ಇರುತ್ತಿರಲಿಲ್ಲ, ಒಡೆದು ಅಪಾರ್ಟ್‌ಮೆಂಟ್ ಕಟ್ಟಿರುತ್ತಿದ್ದರು. ಅಂಥ ದಿನ ತನ್ನ ಮನೆಗೇ ಹೋಗಿಬಿಡುತ್ತಿದ್ದ. ಒಂದು ಸಿಕ್ಕಿತೋ, ಸೀದಾ ನಮ್ಮ ಮನೆಗೆ ಬಂದು ಫೋನು ನನ್ನ ಕೈಗೆ ಕೊಡುತ್ತಿದ್ದ.

ಮೊದಲ ಸಲ ನೋಡಿದಾಗ ನಕ್ಕಿದ್ದೆ. "ಗೇಟೆಲ್ಲೋ? ಬರೀ ನೆಲ ತೆಗ್ದಿದೀಯಲ್ಲ."

"ನೆರಳು ನೋಡೇ," ಅಂದ. "ಗೇಟಿನ ಮೇಲಿರೋ ಬಣ್ಣ ಮನೆಯವರದು. ನೆರಳಲ್ಲಿ ನಾನು ಮಾಡಿದ್ದು ಮಾತ್ರ ಬರುತ್ತೆ."

ನನ್ನ ಗಾಡಿಯ ಪಕ್ಕದ ಗೇಟೂ ಅವನು ಮಾಡಿದ್ದೇ. ಅರ್ಧ ಸೂರ್ಯ, ಸುತ್ತ ಕಿರಣ. ಕಬ್ಬಿಣ ಸಾಲದೆ ಎಡಗಡೆ ಒಂದು ಕಿರಣ ಗಿಡ್ಡ ಆಗಿತ್ತಂತೆ. ಅದರ ಫೋಟೋ ತೆಗೆಯಲು ಯಾವಾಗ ಬರಲಿ ಎಂದು ಕೇಳುತ್ತಲೇ ಇದ್ದ. "ಆ ಮನೆಯವರು ಒಂಥರಾ ಜನ, ಸುಮ್ನಿರು" ಎಂದು ನಾನು ಮುಂದೂಡುತ್ತಿದ್ದೆ.

ಅದು ಸುಳ್ಳು. ಆ ಮನೆಯ ಮೇಡಂ ಒಳ್ಳೆಯವರೇ. ಅವರ ಕಾಂಪೌಂಡಿಗೆ ಒತ್ತಿದ ಹೊಂಗೆ ಮರದ ನೆರಳಲ್ಲಿ ನನ್ನ ಗಾಡಿ ನಿಲ್ಲಲು ಬಿಟ್ಟವರು. ಊರಿಗೆ ಹೋಗುವಾಗ ಮನೆಯ ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋಗುತ್ತಿದ್ದರು. ಅವರನ್ನು ನೋಡಿ ಬೀದಿಯ ಇನ್ನೂ ಕೆಲವರು ಕೊಡುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಬಿಟ್ಟ ನನಗೆ ಅದೇ ದೊಡ್ಡ ಮರ್ಯಾದೆ. ಮಾಸಿದ ಲುಂಗಿ ಉಟ್ಟು, ಕಂಡವರ ಮನೆ ಮುಂದೆ ಕುಕ್ಕರಗಾಲಲ್ಲಿ ಕೂತು ನೆಲದ ಫೋಟೋ ತೆಗೆಯುವವನು ನನ್ನ ಅಣ್ಣ ಎಂದು ಆ ಬೀದಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು.

ಒಂದು ಭಾನುವಾರ ಅವನು ಹೇಳದೆಯೇ ಬಂದ. ಗಾಡಿಯ ಹತ್ತಿರ ಬರಲಿಲ್ಲ, ದೂರದಿಂದಲೇ ನನ್ನನ್ನು ನೋಡಿ ನಕ್ಕ. ಬಿಸಿಲು ಗೇಟಿನ ಮೇಲೆ ಬಿದ್ದು, ಸೂರ್ಯನ ನೆರಳು ಒಳಗಿನ ಕಲ್ಲುಹಾಸಿನ ಮೇಲೆ ಮಲಗಿತ್ತು. ಕೂತು, ಸರಳುಗಳ ನಡುವೆ ಫೋನಿದ್ದ ಕೈ ತೂರಿಸಿದ. ಅದೇ ಹೊತ್ತಿಗೆ ಮೇಡಂ ಬಾಗಿಲು ತೆಗೆದರು.

"ಏನ್ರೀ ಅದು, ಗೇಟೊಳಗೆ ಕೈ ಹಾಕ್ಕೊಂಡು?"

"ಏನಿಲ್ಲಮ್ಮಾ, ನೆರಳು..."

"ನೆರಳಾ?"

ಮಹಡಿಯ ಮೇಲೆ ಬಾಡಿಗೆಗಿದ್ದ ಹುಡುಗ ಇಳಿದು ಬಂದ. "ಕಳ್ರು ಹೀಗೇ ಮೊದ್ಲು ಫೋಟೋ ತೆಗೊಂಡು ಹೋಗ್ತಾರೆ ಆಂಟಿ, ವಾಟ್ಸಾಪ್ ಗ್ರೂಪಲ್ಲಿ ಬಂದಿತ್ತಲ್ಲ," ಅಂದ. ಮೇಡಂ ನನ್ನ ಕಡೆ ತಿರುಗಿದರು. "ಏನಮ್ಮ, ಈಯಪ್ಪ ನಿನಗೇನಾದ್ರೂ ಗೊತ್ತಾ?"

ಅಣ್ಣ ನನ್ನನ್ನು ನೋಡಿದ. ಇವಳು ನನ್ನ ತಂಗಿ ಎಂದು ಅವನೇ ಹೇಳಬಹುದಿತ್ತು. ಹೇಳಲಿಲ್ಲ. ನಾನು ಹೇಳಲಿ ಎಂದು ಕಾದ.

"ಗೊತ್ತಿಲ್ಲ ಮೇಡಂ," ಅಂದೆ.

ಹುಡುಗ ಫೋನು ಕಿತ್ತುಕೊಂಡ. "ಇದೇನು ಗುರು, ಬರೀ ಮನೆ ಮುಂದಿನ ನೆಲಾನೇ ಇದೆ," ಎಂದು ಒಂದನ್ನೂ ಬಿಡದೆ ಎಲ್ಲ ಅಳಿಸಿ ವಾಪಸು ಕೊಟ್ಟ. ಅಣ್ಣ ಫೋನನ್ನು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಹೊರಟುಹೋದ. ನಾನು ತಲೆ ತಗ್ಗಿಸಿ, ಮಡಚಿಟ್ಟ ಪ್ಯಾಂಟನ್ನೇ ಮತ್ತೆ ಬಿಡಿಸಿ ತಿಕ್ಕಿದೆ.

ಸಂಜೆ ಮನೆಗೆ ಬಂದವನು ನಾನು ಕೊಟ್ಟ ಕಾಫಿ ಕುಡಿದ. "ನೀನು ಹಂಗಂದಿದ್ದೇ ಸರಿ ಕಣೇ. ನಾಳೆ ಅಲ್ಲಿ ಗಾಡಿ ನಿಲ್ಬೇಕಲ್ಲ," ಅಂದ. ಬೈದಿದ್ದರೆ ನಾನೂ ಅತ್ತು ತಪ್ಪಾಯಿತು ಅನ್ನುತ್ತಿದ್ದೆನೋ ಏನೋ... ಅವನು ಬೈಯಲಿಲ್ಲ, ನಾನು ಕ್ಷಮೆ ಕೇಳಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಅವನು ಟಿ.ವಿ. ಮುಂದೆ ಕೂತಿರುತ್ತಿದ್ದ. "ನಡೆಯೋಕಾಗಲ್ಲ, ಮಂಡಿ ನೋವು," ಎನ್ನುತ್ತಿದ್ದ. ಮುಂದಿನ ವರ್ಷ ಎದೆನೋವು ಬಂತು, ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಎಲ್ಲರ ಜೊತೆ ನಾನೂ ಅತ್ತೆ. ನನ್ನ ಅಳು ಯಾತಕ್ಕೆಂದು ಯಾರಿಗೂ ಗೊತ್ತಿರಲಿಲ್ಲ.

ಮೊನ್ನೆ ಪೇಂಟಿನವನು ಮೊದಲ ಕೋಟು ಮುಗಿಸಿ ಟೀ ಕುಡಿಯಲು ಹೋದ. ಬಿಸಿಲು ಏರಿತ್ತು. ಕಲ್ಲುಹಾಸಿನ ಮೇಲೆ ಅರ್ಧ ಸೂರ್ಯ, ಎಡಗಡೆ ಒಂದು ಗಿಡ್ಡ ಕಿರಣ. ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ಹಸಿ ಬಣ್ಣ ತಾಗದ ಹಾಗೆ ಸರಳುಗಳ ನಡುವೆ ನನ್ನ ಫೋನು ತೂರಿಸಿದೆ.

"ಏನಮ್ಮ ಮಾಡ್ತಿದೀಯ?" ಮೇಡಂ ಬಾಗಿಲಲ್ಲಿ ನಿಂತಿದ್ದರು.

"ಈ ಗೇಟು ನಮ್ಮಣ್ಣ ಮಾಡಿದ್ದು ಮೇಡಂ."

"ಹೌದಾ! ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ವಲ್ಲ ನೀನು," ಎಂದು ಅವರು ನಿಜವಾಗಿಯೂ ಖುಷಿಪಟ್ಟರು. "ಒಂದಿನ ಕರ್ಕೊಂಡು ಬಾಮ್ಮ, ನೋಡ್ಕೊಂಡು ಹೋಗ್ಲಿ."

ಅವರಿಗೆ ಆ ಭಾನುವಾರದ ನೆನಪೇ ಇರಲಿಲ್ಲ.

"ಬಂದಿದ್ದ ಮೇಡಂ," ಅಂದೆ. ಗಾಡಿಗೆ ವಾಪಸು ಬಂದಾಗ ಪೆಟ್ಟಿಗೆಯೊಳಗಿನ ಇದ್ದಿಲು ಬೂದಿಯಾಗಿತ್ತು. ಫೋನು ತೆಗೆದು ನೋಡಿದೆ. ಗಿಡ್ಡ ಕಿರಣದ ಮೇಲೆ ನನ್ನ ಕೈಯ ನೆರಳು ಬಿದ್ದು, ಅದು ಕಾಣಿಸುತ್ತಲೇ ಇರಲಿಲ್ಲ.