ಕುಮೆಜೋ ಯಾವ ಕಡೆಯವನು?

ಕುಮೆಜೋ ತನ್ನನ್ನು ತಾನೇ ಕೊಂದದ್ದನ್ನು ಊರಿನವರೆಲ್ಲ ಪೇಟೆಯ ಟಾಕೀಸಿನಲ್ಲಿ ಕೂತು ಕಣ್ಣಾರೆ ನೋಡಿದೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು ಕೂಡ. ಆಮೇಲೆ ಎದ್ದ ಗೋಜಲು ಮಾತ್ರ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ. ಸೋಯಾ ಹಾಲು ಒಡೆಸಿ ಮಾಡಿದ ತೋಫು ಮಾರಿಕೊಂಡು ಎರಡೂ ಕೇರಿ ಸುತ್ತುವವಳು ನಾನು, ನನಗೇ ಹತ್ತಿಲ್ಲ ಅಂದರೆ ಮನೆಯಲ್ಲಿ ಕೂತವರಿಗೆ ಹತ್ತುವುದು ಅಷ್ಟರಲ್ಲೇ ಇದೆ.

ಹಕೋನೆ ಬೆಟ್ಟದ ಬುಡದ ನಮ್ಮೂರಿಗೆ ಸಿನಿಮಾದವರು ಬಂದದ್ದು ಯುದ್ಧ ಮುಗಿದು, ಬಟ್ಟಲಿಗೆ ಮತ್ತೆ ಬಿಳಿ ಅನ್ನ ಬೀಳತೊಡಗಿದ ಕಾಲದಲ್ಲಿ. ಹಳೇ ಕಾಲದ ಸಮುರಾಯಿ ಯೋಧರ ಕಥೆ. ಶತ್ರುಗಳು ಮುತ್ತಿಗೆ ಹಾಕಿದ ಕೋಟೆಗೆ ಒಬ್ಬ ಮುದಿ ಸಮುರಾಯಿ ಕದ್ದು ಉಪ್ಪು ಸಾಗಿಸುತ್ತಾನೆ, ಕಣಿವೆಯಲ್ಲಿ ಶತ್ರು ಸವಾರರು ಅಡ್ಡಗಟ್ಟುತ್ತಾರೆ. ಕೆಳಕೇರಿಯವರ ಹತ್ತಿರ ಇದ್ದಿಲು ಹೊರುವ ಕುದುರೆಗಳಿದ್ದವು, ಹಾಗಾಗಿ ಅವರೇ ಸವಾರರಾದರು. ಮೇಲ್ಕೇರಿಯವರಿಗೆ ಕುದುರೆ ಇರಲಿಲ್ಲ. ಅವರ ಬೆನ್ನಿಗೆ ಉಪ್ಪಿನ ಮೂಟೆ ಕಟ್ಟಿ, ಕೈಗೆ ಬಿದಿರಿನ ಈಟಿ ಕೊಟ್ಟು ಸಮುರಾಯಿಯ ಹಿಂದೆ ನಿಲ್ಲಿಸಿದರು.

ಕುಮೆಜೋನ ಮನೆ ಇದ್ದದ್ದು ಎರಡು ಕೇರಿಗಳ ನಡುವಿನ ಸೇತುವೆಯ ಪಕ್ಕ. ಅದು ಯಾವ ಕೇರಿಗೆ ಸೇರಿದ್ದು ಅಂತ ಅದುವರೆಗೆ ಕೇಳಿದವರೇ ಇಲ್ಲ. ಇದ್ದಿಲು ಸಾಗಿಸಲು ಒಂದು ಹೆಣ್ಣುಕುದುರೆ ಇಟ್ಟುಕೊಂಡಿದ್ದ, ಆದ್ದರಿಂದ ಅವನೂ ಸವಾರ. ಒಂದು ಬೆಳಿಗ್ಗೆ ಕುದುರೆಯಿಂದ ಕೆಸರಿಗೆ ಉರುಳಿ ಬೀಳುವ ಕೆಲಸ ಅವನದು. ಚೆನ್ನಾಗಿಯೇ ಬಿದ್ದ. ಅಂಗಾತ ಬಿದ್ದವನ ಮುಖದ ಮುಂದೆಯೇ ಕ್ಯಾಮೆರಾ ಇತ್ತು. ಮಧ್ಯಾಹ್ನ ಮೇಲ್ಕೇರಿಯ ಒಬ್ಬ ಹೊಟ್ಟೆನೋವು ಅಂತ ಮಲಗಿಬಿಟ್ಟ. ಸಿನಿಮಾದ ಹುಡುಗನೊಬ್ಬ ಕೆಸರು ತೊಳೆದುಕೊಳ್ಳುತ್ತಿದ್ದ ಕುಮೆಜೋನನ್ನು ಹಿಡಿದೆಳೆದು, ಹುಲ್ಲಿನ ಗೊರಬು ಹೊದಿಸಿ ಕೈಗೆ ಈಟಿ ಕೊಟ್ಟ.

"ನಾನು ಆ ಕಡೆಯೋನು ಕಣಪ್ಪಾ" ಅಂದನಂತೆ ಕುಮೆಜೋ.

"ಬಿಡಿ ಅಣ್ಣಾ, ಮುಖ ಎಲ್ಲಿ ಕಾಣುತ್ತೆ? ತಿವಿದ ಹಂಗೆ ಮಾಡಿ ಸಾಕು."

ಕಂಡಿತಲ್ಲ! ಟಾಕೀಸಿನ ಪರದೆಯ ಮೇಲೆ ಸವಾರ ಕುಮೆಜೋ ಕೆಸರಲ್ಲಿ ಬಿದ್ದು ಕಣ್ಣು ಬಿಡುತ್ತಾನೆ, ಉಪ್ಪಿನ ಕುಮೆಜೋ ಬಂದು ಹಲ್ಲು ಕಚ್ಚಿ ಅವನನ್ನು ತಿವಿಯುತ್ತಾನೆ. ಟಾಕೀಸು ಹಾರಿಹೋಗುವಂತೆ ನಗು. ಕುಮೆಜೋ ಒಬ್ಬ ಮಾತ್ರ ನಗಲಿಲ್ಲ. ವಾಪಸು ಬರುವಾಗ ನನ್ನ ಪಕ್ಕ ನಡೆಯುತ್ತಾ ಕೇಳಿದ.

"ಕಿನಕ್ಕ, ಬಿದ್ದೋನೂ ನಾನೇ, ತಿವಿದೋನೂ ನಾನೇ. ಹಂಗಾದ್ರೆ ನಾನು ಗೆದ್ನೋ, ಸತ್ನೋ?"

"ಸತ್ತಿದ್ರೆ ನನ್ನ ತೋಫು ಯಾರು ತಿಂತಿದ್ರೋ? ನಡಿ ಸುಮ್ನೆ."

ಮನೆಯಲ್ಲಿ ಹೆಂಡತಿ ಫುಮಿಗೂ ಅದೇ ಪ್ರಶ್ನೆ ಹಾಕಿದನಂತೆ. ಅವಳು ಅನ್ನದ ಪಾತ್ರೆಯಿಂದ ತಲೆಯೆತ್ತದೆ, "ಯಾರು ಸತ್ರೋ ಯಾರು ಕೊಂದ್ರೋ ನಂಗೊತ್ತಿಲ್ಲ. ಊಟಕ್ಕೆ ಬಂದೋನು ನನ್ ಗಂಡ, ಕೂತ್ಕೋ" ಅಂದಳಂತೆ. ಫುಮಿ ಅಂದರೆ ಹಾಗೆ. ಅವಳ ಒಂದು ಮಾತಿಗೆ ಅವನ ಅರ್ಧ ಗೊಂದಲ ಇಳಿಯುತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸಿನಿಮಾಕ್ಕೆ ಹೊರದೇಶದಲ್ಲಿ ಬಹುಮಾನ ಬಂತು ನೋಡಿ, ಊರಿನವರ ತಲೆ ತಿರುಗಿತು. ಪೇಪರಿನವರು ಬಂದರು, ಸಿನಿಮಾ ತೆಗೆದ ಜಾಗ ಅಂತ ಕಣಿವೆಯಲ್ಲಿ ಬೋರ್ಡು ನಿಂತಿತು. ಮೊದಲು ತಮಾಷೆಗೆ ಅಂದುಕೊಂಡ ಕುದುರೆ ಕಡೆ, ಉಪ್ಪಿನ ಕಡೆ ಅನ್ನುವ ಹೆಸರುಗಳು ಗಟ್ಟಿಯಾಗಿ ಅಂಟಿಕೊಂಡವು. ಕುಡಿದಾಗ "ನೀವು ನಮ್ಮ ಮೇಲೆ ಕುದುರೆ ನುಗ್ಗಿಸಿದೋರು" ಅಂತ ಮೇಲಿನವರು, "ನೀವು ಬಿದ್ದೋರನ್ನ ತಿವಿದ ಹೇಡಿಗಳು" ಅಂತ ಕೆಳಗಿನವರು. ಯಾರೋ ಬರೆದ ಕಥೆ, ಯಾರೋ ಹೇಳಿದಂತೆ ಕುಣಿದವರು ಇವರು! ಥೂ, ದೊಡ್ಡ ಗಂಡಸರು. ಕೊನೆಗೆ ಸಾವಿನ ಮನೆಯ ಕೆಲಸವನ್ನೂ ಹಂಚಿಕೊಂಡರು. ಮೊದಲು ಯಾರು ಸತ್ತರೂ ಇಡೀ ಊರು ಹೋಗಿ ಗುಂಡಿ ತೋಡಿ, ಅಡಿಗೆ ಮಾಡಿ, ಹೆಣ ಹೊರುತ್ತಿತ್ತು. ಈಗ ಆಯಾ ಕಡೆಯವರು ಆಯಾ ಕಡೆಗೆ.

ಕುಮೆಜೋ ಎಡಬಿಡಂಗಿಯಾದ. ಹಬ್ಬದಲ್ಲಿ ಹಗ್ಗ ಎಳೆಯಲು ಹೋದರೆ ಇವರೂ ಸೇರಿಸಲಿಲ್ಲ, ಅವರೂ ಸೇರಿಸಲಿಲ್ಲ. "ಮೊದ್ಲು ನಿನ್ನ ಜಗಳ ನೀನೇ ತೀರಿಸ್ಕೊಂಡು ಬಾರಯ್ಯ" ಅಂತ ಗೇಲಿ. ಅವನು ಪೆಚ್ಚುನಗೆ ನಕ್ಕು ಮನೆಗೆ ಹೋಗುತ್ತಿದ್ದ. ಮನೆಯಲ್ಲಿ ಫುಮಿ ಇದ್ದಳಲ್ಲ.

ಆ ಫುಮಿ ಒಂದು ಚಳಿಗಾಲದಲ್ಲಿ ಎದೆಗೆ ಶೀತ ಇಳಿದು ಹೋಗಿಬಿಟ್ಟಳು.

ಮಾರನೆಯ ದಿನ ಮಧ್ಯಾಹ್ನ ನಾನು ತೋಫು ಮುಗಿಸಿ ಅಲ್ಲಿಗೆ ಹೋದೆ. ಇಷ್ಟು ಹೊತ್ತಿಗೆ ಅಂಗಳದ ತುಂಬ ಜನ ಇರುತ್ತಾರೆ ಅಂದುಕೊಂಡಿದ್ದೆ. ಒಂದು ನರಪಿಳ್ಳೆ ಇಲ್ಲ. ಭಿಕ್ಷು ಬಂದು ಮಂತ್ರ ಹೇಳಿ ಹೋಗಿದ್ದರು. ಪೇಟೆಯಿಂದ ತಂದ ಪೆಟ್ಟಿಗೆಯಲ್ಲಿ ಫುಮಿ, ಪಕ್ಕದಲ್ಲಿ ಕುಮೆಜೋ. ಒಲೆ ತಣ್ಣಗಿತ್ತು. ಸಾವಾದ ಮನೆಯವರು ಒಲೆಯನ್ನೂ ಮುಟ್ಟುವಂತಿಲ್ಲ, ಗುದ್ದಲಿಯನ್ನೂ ಮುಟ್ಟುವಂತಿಲ್ಲ.

"ಬರ್ತಾರೆ ಅಂತ ಕಾಯ್ತಿದೀನಿ ಕಿನಕ್ಕ" ಅಂದ. "ಯಾರು ಬರ್ತಾರೆ ಅಂತ ಗೊತ್ತಾಗ್ತಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಮೊದಲು ಮೇಲ್ಕೇರಿಯ ಹಿರಿಯ ಗೆನ್ಪೇಯಿಯ ಮನೆಗೆ ಓಡಿದೆ. ನೋಡಿದರೆ ಆಸಾಮಿ ಕಪ್ಪು ಬಟ್ಟೆ ಉಟ್ಟು, ಗುದ್ದಲಿ ಬಾಗಿಲಿಗೆ ಒರಗಿಸಿಕೊಂಡು ಕೂತಿದ್ದಾನೆ!

"ಕುದುರೆ ಇಟ್ಕೊಂಡಿರೋ ಮನೆ ಅಲ್ವಾ ಅದು, ಕೆಳಗಿನೋರು ಹೋಗ್ತಾರೆ. ನಾವು ಮುಂದೆ ಬಿದ್ದು ಗುಂಡಿ ತೋಡಿದ್ರೆ ಅವರ ಮುಖಕ್ಕೆ ಹೊಡೆದಂಗಲ್ವಾ ಕಿನಕ್ಕ?"

ಕೆಳಕೇರಿಯ ತೊರಾಜಿಯ ಮನೆಗೆ ಓಡಿದೆ. ಅವನೂ ಕಪ್ಪು ಬಟ್ಟೆಯಲ್ಲಿ ಸಿದ್ಧ. "ಅವನು ಈಟಿ ಹಿಡಿದೋನು, ಮೇಲಿನೋರು ಬಂದೇ ಬರ್ತಾರೆ. ಅವರ ಹಕ್ಕನ್ನ ನಾವ್ಯಾಕೆ ಕಿತ್ಕೊಳ್ಳೋದು, ಸರಿ ಇರಲ್ಲ."

ಇದು ದ್ವೇಷವೋ ಮರ್ಯಾದೆಯೋ, ನೀವೇ ಹೇಳಿ, ನನಗಂತೂ ತಿಳಿಯಲಿಲ್ಲ. ಇಬ್ಬರಿಗೂ ಬಾಯಿಗೆ ಬಂದಂತೆ ಬೈದು ಸೇತುವೆಯ ಮನೆಗೆ ಎಬ್ಬಿಸಿಕೊಂಡು ಬಂದೆ. ಹಿಂದೆಯೇ ಎರಡೂ ಕಡೆಯ ಗಂಡಸರು ಬಂದರು. ಬಂದವರು ಹೊಸ್ತಿಲಲ್ಲಿ ನಿಂತು "ನೀವು ಮೊದ್ಲು", "ಛೇ ಛೇ, ನೀವು" ಅಂತ ಬಗ್ಗಿ ಬಗ್ಗಿ ನಮಸ್ಕಾರ ಮಾಡತೊಡಗಿದರು. ಹೆಣ ಒಳಗೆ, ಇವರು ಹೊರಗೆ. ಬಗ್ಗಿ ಬಗ್ಗಿ ಸಾಕಾಗಿ ದನಿ ಏರಿತು.

"ನಮ್ಮೋನನ್ನ ತಿವಿದ ಮೇಲೆ ಅವನು ನಿಮ್ಮೋನೇ ತಾನೆ?" ಅಂದ ತೊರಾಜಿ.

"ತಿವಿಸ್ಕೊಂಡೋನು ಯಾರು ಮತ್ತೆ? ಅವನೂ ಇವನೇ!" ಅಂದ ಗೆನ್ಪೇಯಿ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಕುಮೆಜೋ ಒಳಗಿಂದ ಬಂದು ಹೊಸ್ತಿಲ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿದ.

"ನನ್ನ ವಿಷಯ ಏನಾದ್ರೂ ಮಾಡ್ಕೊಳ್ಳಿ. ನಾನು ಸತ್ತಾಗ ಹೊಳೆಗೆ ಎಸೀರಿ. ಆದ್ರೆ ಫುಮಿ..." ಒಳಗಿನ ಪೆಟ್ಟಿಗೆಯ ಕಡೆ ಒಮ್ಮೆ ತಿರುಗಿ ನೋಡಿದ. "ಅವಳು ಆವಾಗ ತಂಗಿ ಬಾಣಂತನ ಅಂತ ತೌರಿಗೆ ಹೋಗಿದ್ಲು. ಫುಮಿ ಸಿನಿಮಾದಲ್ಲಿ ಇರಲೇ ಇಲ್ಲ ಕಣ್ರಪ್ಪಾ."

ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು, ಯಾವುದು ಯಾವುದಕ್ಕೆ ಅಂತ ಹೇಳಲಾರೆ. ತೊರಾಜಿ ಮುಖ ಒರೆಸಿಕೊಂಡು ಗುದ್ದಲಿ ಎತ್ತಿ ಗುಡ್ಡದ ಕಡೆ ನಡೆದ. ಗೆನ್ಪೇಯಿಯೂ ಅವನ ಹಿಂದೆ ಹೋದ. ಹೆಂಗಸರನ್ನು ಕರೆದು ಒಲೆ ಹಚ್ಚಿಸಿದೆ.

ಸಂಜೆಗೆ ಮುಂಚೆ ಗುಂಡಿ ಸಿದ್ಧವಾಯಿತು. ಕೈಗೆ ಸಿಕ್ಕವರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಯಾರು ಯಾವ ಕಡೆಯವರು ಅಂತ ನಾನು ನೋಡಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ. ಮೆರವಣಿಗೆ ಹೊರಟಿತು. ಕುಮೆಜೋ ಮಾತ್ರ ಫುಮಿಯ ಹೆಸರು ಬರೆದ ಹಲಗೆಯನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲೇ ಅತ್ತ ಇತ್ತ ತಿರುಗುತ್ತಿದ್ದ.

"ಕಿನಕ್ಕ, ನಾನೆಲ್ಲಿ ನಿಂತ್ಕೊಳ್ಳಲಿ?"

"ಫುಮಿ ಹಿಂದೆ ಕಣೋ" ಅಂದೆ. "ಗಂಡ ಇನ್ನೆಲ್ಲಿ ನಿಂತ್ಕೋತಾನೆ?"

ಅವನು ಹೋಗಿ ನಿಂತ.