ಹಿನ್ನೀರಿನ ದಂಡೆಗೆ ಹಾಸಿದ ಉಸುಕು

ನಾನು ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದು ಒಂದೇ ಅವಧಿಗೆ. ಆ ಐದು ವರ್ಷಗಳಲ್ಲಿ ನಾನೇನು ಮಾಡಿದೆ ಎಂದು ಕೇಳಿದರೆ ಊರಿನವರು ಬೀದಿದೀಪದ ಮಾತೆತ್ತುವುದಿಲ್ಲ, ಗಟಾರದ ಮಾತೆತ್ತುವುದಿಲ್ಲ. ‘ಉಸುಕಿನ ಮೆಂಬರಬಾಯಿ’ ಎಂದು ನಗುತ್ತಾರೆ.

ನಮ್ಮೂರು ಸವದತ್ತಿ ತಾಲ್ಲೂಕಿನಲ್ಲಿ, ಮಲಪ್ರಭೆಯ ಹಿನ್ನೀರಿನ ಅಂಚಿಗಿದೆ. ಸಂಪಗಾಂವದ ತವರಿನಿಂದ ಇಲ್ಲಿಗೆ ಸೊಸೆಯಾಗಿ ಬರುವ ತನಕ ನಾನು ಅಷ್ಟೊಂದು ನೀರನ್ನು ಒಟ್ಟಿಗೆ ನೋಡಿರಲಿಲ್ಲ. ಮಳೆಗಾಲದ ಗಾಳಿ ಎದ್ದರೆ ಆ ನೀರಿಗೆ ಸಮುದ್ರದ ಹುಚ್ಚು ಹಿಡಿಯುತ್ತದೆ. ತೆರೆಗಳು ಬಂದು ಬಂದು ದಂಡೆಯ ಮಣ್ಣು ಕಡಿಯುತ್ತವೆ. ಒಂದು ವರ್ಷ ಬಟ್ಟೆ ಒಗೆಯುವ ಕಲ್ಲುಗಳು ಹೋದವು, ಇನ್ನೊಂದು ವರ್ಷ ರಸ್ತೆಯ ಅಂಚು ಹೋಯಿತು. ಮೂರನೆಯ ವರ್ಷ ಬಸ್ ತಂಗುದಾಣ ನೀರಿನ ಕಡೆಗೆ ಬಗ್ಗಿ ನಿಂತಿತು. ಬಸ್ಸಿಗೆ ಕಾಯುವವರು ಅದರೊಳಗೆ ಕೂರುವುದನ್ನು ಬಿಟ್ಟು, ಮೂರು ಮಾರು ದೂರದಲ್ಲಿ ಬಿಸಿಲಿಗೆ ಕೂತು ಅದನ್ನೇ ನೋಡುತ್ತಿದ್ದರು.

ಆಗ ದಂಡೆ ನೋಡಲು ಬಂದ ಇಂಜಿನಿಯರ್ ಸಾಹೇಬರು ನಮಗೆ ತಿಳಿಸಿ ಹೇಳಿದರು. “ಗ್ವಾಡಿ ಕಟ್ಟಿದ್ರ ತೆರಿ ಅದಕ್ಕ ಬಡದು ಬಡದು ಬುಡ ಕಡೀತಾವ್ರಿ. ಇಳಿಜಾರ ಮಾಡಿ ಉಸುಕು ಹಾಸೂಣು. ತೆರಿ ಅದರ ಮ್ಯಾಲ ಹತ್ತಿ ದಣದು ಹೊಳ್ಳಿ ಹೋಗತಾವು. ಒಂದಿಷ್ಟು ಉಸುಕು ಹೋಗತೈತಿ. ಹೋದಂಗ ಮತ್ತ ಹಾಕಬೇಕು.”

“ಅಂದ್ರ ವರ್ಷಾ ಹೊಳಿಗೆ ಉಸುಕು ತಿನಸೂದು?” ಎಂದರು ಊರ ಹಿರಿಯರೊಬ್ಬರು.

“ದಂಡಿ ತಿನ್ನೂದಕ್ಕಿಂತ ಉಸುಕು ತಿನ್ಲಿ ಬಿಡ್ರಿ,” ಎಂದೆ ನಾನು. ಯಾಕಾದರೂ ಅಂದೆನೋ. ಆ ಕೆಲಸದ ಉಸ್ತುವಾರಿ ಅಲ್ಲೇ ನನ್ನ ಕೊರಳಿಗೆ ಬಿತ್ತು.

ಊರ ಹಳ್ಳದ ಹೂಳು ತೆಗೆದಾಗ ಬಂದ ಉಸುಕನ್ನು ಟ್ರ್ಯಾಕ್ಟರುಗಳಲ್ಲಿ ತಂದು ದಂಡೆಯುದ್ದಕ್ಕೂ ಹಾಸಿದೆವು. ಸಂಜೆ ಹೋಗಿ ನೋಡಿದರೆ, ನೀರಿಗೆ ಇಳಿಯಬೇಕಾದ ಎಮ್ಮೆಗಳು ಅದರ ಒಂದು ತುದಿಯಲ್ಲಿ ಸಾಲಾಗಿ ಮಲಗಿ ಮೆಲುಕು ಹಾಕುತ್ತಿದ್ದವು.

ಆದರೆ ತೆರೆಗಳಿಗಿಂತ ಮೊದಲು ಊರೇ ಆ ಉಸುಕನ್ನು ತಿನ್ನತೊಡಗಿತು. ನಾಗರ ಪಂಚಮಿ ಹತ್ತಿರ ಬಂದಿತ್ತು. ಹಬ್ಬದ ಅಳ್ಳು, ಅಂದರೆ ಜೋಳದ ಅರಳು, ಹುರಿಯಬೇಕೆಂದರೆ ಕಾಳಿನ ಜೊತೆ ಬಾಣಲೆಗೆ ಉಸುಕು ಬೇಕು. ಒಬ್ಬಾಕೆ ಅದಕ್ಕೆಂದು ಬೊಗಸೆಯಷ್ಟು ಒಯ್ದಳು, ಇನ್ನೊಬ್ಬಾಕೆ ನೀರಿನ ಹರವಿ ಕೂರಿಸಲು ಬುಟ್ಟಿಯಷ್ಟು. ನಮ್ಮ ಸಾಲೆಯ ಹೆಡ್ ಮಾಸ್ತರರು ಉದ್ದ ಜಿಗಿತದ ಗುಂಡಿಗೆಂದು ಎತ್ತಿನ ಚಕ್ಕಡಿಯನ್ನೇ ತಂದರು. “ಹುಡುಗೂರ ಮೊಣಕಾಲಿನ ಪ್ರಶ್ನೆ ಐತ್ರಿ,” ಎಂದು ನನಗೇ ಬುದ್ಧಿ ಹೇಳಿದರು.

ಸಿಟ್ಟಿನಿಂದ ಮನೆಗೆ ಬಂದರೆ ನಮ್ಮತ್ತೆ ಒಲೆಯ ಮುಂದೆ ಕೂತು ಅಳ್ಳು ಹುರಿಯುತ್ತಿದ್ದರು.

“ಅತ್ತೀ, ಈ ಉಸುಕು ಎಲ್ಲೀದ್ರಿ?”

“ಹೊಳಿದು.”

“ಹೊಳಿ ತಾನ ಬಂದು ಕೊಟ್ಟು ಹೋತೇನ್ರಿ?”

“ನೀ ಮೆಂಬರ ಆಗಿ ಮನಿಗೇನು ತಂದಿ? ಒಂದು ಬುಟ್ಟಿ ಉಸುಕರ ಬರಲಿ ಬಿಡು,” ಎಂದು ಅತ್ತೆ ನನ್ನ ಕೈಗೆ ಬಿಸಿ ಅಳ್ಳು ಹಾಕಿದರು. ಸಿಟ್ಟಿನಲ್ಲೇ ತಿಂದೆ. ಚೆನ್ನಾಗಿ ಅರಳಿದ್ದವು.

ಮರುದಿನ ಬೆಳಿಗ್ಗೆ ಗುಡಿಗೆ ಹೋಗಿ ಮೈಕು ಹಿಡಿದೆ. “ದಂಡಿ ಮ್ಯಾಲಿನ ಉಸುಕು ಯಾರೂ ಒಯ್ಯಬ್ಯಾಡ್ರಿ! ಬುಟ್ಟಿ ತರಬ್ಯಾಡ್ರಿ! ಚೀಲಾ ತುಂಬಬ್ಯಾಡ್ರಿ!” ಎಂದು ಮೂರು ಸಲ ಸಾರಿದೆ. ಆ ಮೈಕಿಗೆ ಮಾತಿನ ನಡುವೆ ಉಸಿರು ಕಟ್ಟುವ ಕಾಯಿಲೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ಊರಿಗೆ ಕೇಳಿಸಿದ್ದು ಇಷ್ಟು: “ದಂಡಿ ಮ್ಯಾಲಿನ ಉಸುಕು… ಒಯ್ಯ…ರಿ! ಬುಟ್ಟಿ ತರ…ರಿ! ಚೀಲಾ ತುಂಬ…ರಿ!”

ಕೆಲಸ ಮುಗಿಯಿತೆಂಬ ಸಮಾಧಾನದಲ್ಲಿ ಚಹಾ ಕುಡಿದು ದಂಡೆಗೆ ಹೋದೆ. ಇಡೀ ಊರು ಅಲ್ಲಿ ನೆರೆದಿತ್ತು. ಬುಟ್ಟಿ, ಬುಟ್ಟಿಯ ಹಿಂದೆ ಚೀಲ, ಚೀಲದ ಹಿಂದೆ ಒಂದು ಹಳೆಯ ತೊಟ್ಟಿಲು. ಸಾಹೇಬರ ಮುಂದೆ ತಕರಾರು ಎತ್ತಿದ್ದ ಆ ಹಿರಿಯರೇ ನನಗೆ ಕೈಮುಗಿದರು.

“ಭಾಳ ಚಲೋ ಮಾಡಿದ್ರಿ, ಮೆಂಬರಬಾಯಿ. ಸರಕಾರದ್ದು ಹಿಂಗ ಮೈಕಿನ್ಯಾಗ ಕರದು ಕೊಟ್ಟವ್ರನ್ನ ನಾ ನೋಡಿದ್ದಿಲ್ಲ.”

“ಬ್ಯಾಡ ಅಂದೇನ್ರಿ, ಬ್ಯಾಡ!” ಎಂದು ಕೂಗಿದೆ.

“ಸಂಕೋಚ ಮಾಡಬ್ಯಾಡ್ರಿ. ನಿಮ್ಮ ಪಾಲಿಂದು ತಗದಿಟ್ಟೇವಿ.”

ಮಧ್ಯಾಹ್ನದ ಹೊತ್ತಿಗೆ ತಂಗುದಾಣದ ಕಡೆ ಬರೀ ಮಣ್ಣು ಉಳಿಯಿತು. ಇನ್ನೊಂದು ತುದಿಯ ಉಸುಕು ಮಾತ್ರ ಹಾಗೇ ಇತ್ತು, ಏಕೆಂದರೆ ಅದರ ಮೇಲೆ ಮಲಗಿದ್ದ ಎಮ್ಮೆಗಳು ಏಳಲಿಲ್ಲ. ಬಾಲ ಎಳೆದರೂ ಏಳಲಿಲ್ಲ. ಆ ದಿನ ನನ್ನ ಮಾತಿಗೆ ಬೆಲೆ ಕೊಟ್ಟವು ಅವಷ್ಟೇ.

ಎರಡು ದಿನ ಕಳೆದು ಗಾಳಿ ಎದ್ದಿತು. ಊರೆಲ್ಲ ಎತ್ತರದ ರಸ್ತೆಯಲ್ಲಿ ನಿಂತು ನೋಡಿತು. ಎಮ್ಮೆಗಳನ್ನು ಆಗಲೇ ಮನೆಗೆ ಹೊಡೆದಿದ್ದರು. ಅವು ಕಾದಿದ್ದ ತುದಿಯಲ್ಲಿ ತೆರೆಗಳು ಉಸುಕಿನ ಮೇಲೆ ಹತ್ತಿ, ನೊರೆ ಕಾರಿ, ದಣಿದು ಹಿಂದೆ ಸರಿದವು. ಸಾಹೇಬರು ಹೇಳಿದ್ದಂತೆಯೇ. ಈ ತುದಿಯಲ್ಲಿ ಅವು ಮಣ್ಣನ್ನು ತುತ್ತು ತುತ್ತಾಗಿ ಕಡಿದವು. ಯಾರೂ ಇಲ್ಲದ ತಂಗುದಾಣ ಮೊದಲು ಮಂಡಿಯೂರಿತು, ಆಮೇಲೆ ಹಿರಿಯರು ಜಮಖಾನೆಯ ಮೇಲೆ ಕೂರುವ ಹಾಗೆ ನಿಧಾನವಾಗಿ ನೀರಿನಲ್ಲಿ ಕೂತಿತು. ಹೆಡ್ ಮಾಸ್ತರರು ಕೆಮ್ಮಿದರು. “ಉದ್ದ ಜಿಗಿತ ಮುಂದಿನ ವರ್ಷನೂ ಮಾಡಬಹುದ್ರಿ,” ಎಂದು ಸಾಲೆಯ ಕಡೆ ನಡೆದರು.

ಗಾಳಿ ಇಳಿದ ಮೇಲೆ ನಾನು ಮೈಕಿನ ಹತ್ತಿರ ಸುಳಿಯಲಿಲ್ಲ. ಹೇಳದೆಯೇ ಬುಟ್ಟಿಗಳು ಹೊಳ್ಳಿ ಬಂದವು. ಅಳ್ಳು ಹುರಿದ ಉಸುಕು ಕಪ್ಪಾಗಿತ್ತು, ಅದರೊಳಗೆ ಸೀದ ಜೋಳವಿತ್ತು. ಅದನ್ನು ಹೆಕ್ಕಲು ಊರ ಕೋಳಿಗಳೆಲ್ಲ ದಂಡೆಗಿಳಿದವು. ನಮ್ಮತ್ತೆ ತಮ್ಮ ಬುಟ್ಟಿ ಸುರಿದು, “ಹುರದ ಮ್ಯಾಲ ತಂದು ಹಾಕಾಕಿನ ಇದ್ದೆ ನಾ,” ಎಂದರು. ಅವರ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಬಂದಷ್ಟು ಉಸುಕನ್ನು ಸಲಿಕೆಯಿಂದ ಹರವಿದೆವು, ಉಳಿದದ್ದನ್ನು ಬೇಸಿಗೆಯಲ್ಲಿ ಮತ್ತೆ ಹಳ್ಳದಿಂದ ತಂದೆವು. ಈಗ ಪ್ರತಿ ವರ್ಷವೂ ತರುತ್ತಾರೆ. ದಂಡೆ ನಿಂತಿದೆ.

ರವಿವಾರ ಬೈಲಹೊಂಗಲ, ರಾಮದುರ್ಗದ ಕಡೆಯಿಂದ ಜನ ಬಂದು ಆ ಉಸುಕಿನ ಮೇಲೆ ಕೂರತೊಡಗಿದ್ದಾರೆ. ಚುರುಮುರಿ ಕಲಸಿ ಕೊಡುವ ಗಿರಮಿಟ್ಟಿನ ಗಾಡಿಯೂ ಬಂದಿದೆ. ಮೊನ್ನೆ ಗಂಡ ಹೆಂಡತಿ ಇಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು:

“ಇಲ್ಲಿ ಬೀಚು ಯಾವಾಗಿಂದ ಐತ್ರಿ?”

“ಮೊದಲಿಂದನೂ ಐತ್ರಿ,” ಎಂದೆ. ಅವರು ನಂಬಿ, ಚಪ್ಪಲಿ ಬಿಚ್ಚಿಟ್ಟು ಉಸುಕಿಗಿಳಿದರು.